ಅತ್ತೆಯ ಸೊಂಟಕ್ಕೆ ನನ್ನ ಕಾಲು

ಗೆಳತಿಯರೇ, ಇವತ್ತು ನಾನು ನಮ್ಮ ಅತ್ತೆಯನ್ನು ಒದ್ದೆ. ಅವರೇ ಹೇಳಿ ಒದೆಸಿಕೊಂಡರು.

ಬೆಳಿಗ್ಗೆ ರೇಷ್ಮೆಹುಳದ ತಟ್ಟೆ ಎತ್ತಲು ಬಗ್ಗಿದಾಗ ಅವರ ಸೊಂಟ ಹಿಡಿದುಕೊಂಡಿತು. ಬಗ್ಗಿದವರು ಬಗ್ಗಿದಂತೆಯೇ ನಿಂತರು. ಅತ್ತ ಹುಳಗಳು ಸೊಪ್ಪಿಗೆ ತಲೆಯೆತ್ತಿ ಕಾಯುತ್ತಿವೆ. ಒಮ್ಮೆ ಸೊಪ್ಪು ಹಾಕುತ್ತ, ಒಮ್ಮೆ ಬಿಸಿ ಉಪ್ಪಿನ ಗಂಟಿನಿಂದ ಅತ್ತೆಗೆ ಶಾಖ ಕೊಡುತ್ತ, ಒಲೆಗೂ ಹಜಾರಕ್ಕೂ ಓಡಾಡಿ ಸಾಕಾಯಿತು.

"ಗಾಡಿ ಕಟ್ತೀನಮ್ಮ, ಚಿಂತಾಮಣಿ ಆಸ್ಪತ್ರೆಗೆ ಹೋಗಣ" ಎಂದರು ನಮ್ಮ ಯಜಮಾನರು.

"ಗಾಡಿ ಕುಲುಕಿದ್ರೆ ದಾರೀಲೇ ಪ್ರಾಣ ಹೋಗುತ್ತೆ. ನಿನ್ ಹೆಂಡ್ತಿ ಕಾಲು ಮುಂದಾಗಿ ಹುಟ್ಟಿದೋಳಲ್ವೇನೋ? ಒದೀಲಿ."

ಅಂಥವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಹೆದರಿ ಹೆಬ್ಬೆರಳು ತಾಗಿಸಿದೆ.

"ಮುಟ್ಟು ಅಂದ್ನಾ? ಒದಿಯಮ್ಮ."

ಒದ್ದೆ. ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಅತ್ತೆ ಮೆಲ್ಲಗೆ ನೆಟ್ಟಗಾಗಿ, ಬಾಗಿಲವರೆಗೆ ನಡೆದು, "ಒಳ್ಳೆ ಕಾಲು ಕಣೇ ನಿಂದು" ಎಂದರು. ಉಪ್ಪಿನ ಗಂಟಿಗೆ ಸುಟ್ಟ ನನ್ನ ಅಂಗೈಯ ಮಾತೇ ಇಲ್ಲ.

ಮಧ್ಯಾಹ್ನದಿಂದ ಬೀದಿಯ ಸೊಂಟನೋವಿನ ಅತ್ತೆಯರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದಾರೆ. ಅವರನ್ನು ಕರೆತಂದ ಸೊಸೆಯರು ನನ್ನ ಕಾಲನ್ನೇ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಾರೆ.