ಸೋಮಾರಿಯ ಕಣ್ಣಿನೊಳಗಿನ ಹೆಂಗಸು

ಬೀದಿಗೆಲ್ಲ ಹಾಲು ಹಾಕಿ ಎಲ್ಲರ ಬಾಯಲ್ಲೂ ಹಾಲಕ್ಕನೇ ಆಗಿಹೋದವಳಿಗೆ ಕನ್ನಡಿಯ ಗೊಡವೆ ಇರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಬಂದರೆ ಸೋಮಾರಿ ಎಂಬ ಹಸುವಿನ ಕಣ್ಣಲ್ಲೇ ಮುಖ ನೋಡಿಕೊಂಡು ಜಡೆ ಸುತ್ತಿಕೊಳ್ಳುವಳು. ಅಲ್ಲಿ ಕಾಣುವ ಹೆಂಗಸು ತುಸು ದುಂಡಗೆ, ತುಸು ಚಿಕ್ಕ ಪ್ರಾಯದವಳು. ಅವಳ ಹಿಂದೆ ಬಾಗಿಲು, ಬಾಗಿಲಾಚೆ ಬಗ್ಗಿದ ಆಕಾಶ. ಆ ಕಣ್ಣು ಸುಳ್ಳು ಹೇಳುತ್ತೆ, ಅದಕ್ಕೇ ನಿನಗಿಷ್ಟ ಎಂದು ಗಂಡ ಕಾಲೆಳೆಯುತ್ತಿದ್ದ. ಹೇಳಲಿ ಬಿಡಿ, ಬೆಳಗಾಗೆದ್ದು ನಿಜ ಕೇಳುವ ದರ್ದು ಯಾರಿಗಿದೆ ಎನ್ನುವಳು ಇವಳು.

ಜಡೆಯಾದ ಮೇಲೆ ಹೆಗಲ ಮೇಲಿನ ಬಟ್ಟೆಯನ್ನು ಬೆಚ್ಚನೆ ನೀರಲ್ಲಿ ಅದ್ದಿ, ಸೋಮಾರಿಯಿಂದ ಹಿಡಿದು ಸಾಲಿನ ಕೊನೆಯ ಕರುವಿನವರೆಗೆ ಎಲ್ಲರ ಕಣ್ಣೊರೆಸುವಳು. ಅತ್ತೆ ಕಲಿಸಿಹೋದ ಅಭ್ಯಾಸ ಅದು.

ಒಮ್ಮೆ ಸೋಮಾರಿಯ ಕಣ್ಣಲ್ಲಿ ನೀರು ಸುರಿಯತೊಡಗಿತು. ಕಣ್ಣು ಕೆಂಪಾಯಿತು, ರೆಪ್ಪೆ ಊದಿತು. ಹಾಲಕ್ಕ ಇನ್ನಷ್ಟು ಅಕ್ಕರೆಯಿಂದ ಒರೆಸಿದಳು, ಅದೇ ಬಟ್ಟೆಯಲ್ಲಿ ಉಳಿದವುಗಳ ಕಣ್ಣನ್ನೂ. ನೋಡನೋಡುತ್ತಿದ್ದಂತೆ ಕೊಟ್ಟಿಗೆಗೆ ಕೊಟ್ಟಿಗೆಯೇ ಕಣ್ಣೀರಿಡುತ್ತಿತ್ತು. ಸೋಮಾರಿಯ ಎರಡೂ ಕಣ್ಣಿಗೆ ಅಂಚಿನಿಂದ ನಡುವಿನವರೆಗೆ ಬಿಳಿ ಮಂಜು ಕವಿಯಿತು. ಹಾಲಕ್ಕ ಇಣುಕಿದರೆ ಹೆಂಗಸೂ ಇಲ್ಲ, ಬಾಗಿಲೂ ಇಲ್ಲ.

ದನದ ಡಾಕ್ಟರು ಬಂದು ನೋಡಿದರು. ಇದು ವೈರಸ್ಸಿನ ಕಾಯಿಲೆ, ಅದಕ್ಕೇ ಅಂತ ಮದ್ದಿಲ್ಲ, ಬೇರೆ ಸೋಂಕು ಸೇರದಿರಲೆಂದು ಹನಿ ಕೊಡುತ್ತೇನೆ, ನೆರಳಲ್ಲಿ ಕಟ್ಟಿ ಎಂದರು. ದೃಷ್ಟಿ ಬರುತ್ತದಾ ಎಂದರೆ, ಕಾದು ನೋಡಬೇಕು ಎಂದರು. ಆಮೇಲೆ ಅವರ ನೋಟ ಅವಳ ಹೆಗಲ ಮೇಲೆ ಬಿತ್ತು.

"ಎಲ್ಲಕ್ಕೂ ಇದೇ ಬಟ್ಟೇನಾ ಅಕ್ಕ?"

ಹಾಲಕ್ಕ ಬಟ್ಟೆಯನ್ನು ಹೆಗಲಿಂದ ಕೆಳಗೆಳೆದು ನೋಡಿದಳು. ಕಾಯಿಲೆಯನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಕೈಯಾರೆ ದಾಟಿಸಿದವಳು ತಾನೇ.

ಅಂದಿನಿಂದ ಹನಿ ಹಾಕುವುದೂ ಹಾಲು ಕರೆಯುವುದೂ ಗಂಡನ ಪಾಲಿಗೆ ಬಂತು. ಒಂದೊಂದು ಹಸುವಿಗೂ ಒಂದೊಂದು ಬಟ್ಟೆ ಹರಿದುಕೊಟ್ಟು ಅವಳು ಬಾಗಿಲಲ್ಲೇ ನಿಲ್ಲುವಳು. ಅವನು ಒಳಗೆ ಬಾ ಎಂದರೆ, "ನನ್ನ ಕೈ ಬೇಡ ಅವಕ್ಕೆ" ಎನ್ನುವಳು. ನಿದ್ದೆಯಲ್ಲಿ ಮಂಜಿನೊಳಗೆ ನಡೆಯುವಳು. ಮಂಜು ಆಗತಾನೆ ಕರೆದ ಹಾಲಿನಷ್ಟು ಬೆಚ್ಚಗಿರುತ್ತಿತ್ತು. ಆಚೆಯಿಂದ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು, ಎಷ್ಟು ನಡೆದರೂ ಹತ್ತಿರವಾಗುತ್ತಿರಲಿಲ್ಲ.

ಉಳಿದವು ಒಂದೊಂದಾಗಿ ಚೇತರಿಸಿಕೊಂಡವು. ಒಂದು ಬೆಳಿಗ್ಗೆ ಸೋಮಾರಿ ಅಪರೂಪಕ್ಕೆ ತಾನಾಗಿ ಎದ್ದು ಬಾಗಿಲ ಕಡೆ ಕತ್ತು ಹೊರಳಿಸಿತು. ಒಂದು ಕಣ್ಣು ಬೆಳ್ಳಗೇ ಇತ್ತು, ಇನ್ನೊಂದು ತಿಳಿಯಾಗಿತ್ತು. ಹಾಲಕ್ಕ ಹತ್ತಿರ ಹೋಗಿ ಬಗ್ಗಿದಳು. ಅಲ್ಲಿ ಆಕಾಶವಿತ್ತು, ಬಾಗಿಲಿತ್ತು, ತಲೆ ಕೆದರಿದ ಹೆಂಗಸೊಬ್ಬಳು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕಳ್ಳಿಯ ಹಾಗೆ ನಿಂತಿದ್ದಳು. ಅವಳನ್ನು ಕಂಡು ಹಾಲಕ್ಕನಿಗೆ ಅಯ್ಯೋ ಪಾಪ ಅನ್ನಿಸಿತು.

ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡು ಬಂದು, ಗೂಟದಲ್ಲಿದ್ದ ಸೋಮಾರಿಯದೇ ಬಟ್ಟೆಯನ್ನು ತೆಗೆದುಕೊಂಡಳು. ಬಿಳಿ ಕಣ್ಣಿನಿಂದ ಶುರುಮಾಡಿದಳು. ಕಾಣದಿದ್ದರೂ ಸೋಮಾರಿ ಆ ಕಡೆಗೇ ತಲೆ ವಾಲಿಸಿತು.