ಒಬ್ಬನೇ ತಿನ್ನಲಾರದ ಕೈದಿ

ಕುರುಗೋಡಿನ ಹೊನ್ನೂರಪ್ಪ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವನು. ಒಮ್ಮೆ ಮಿಷನ್ನಿನ ಸೂಜಿ ಹೊಕ್ಕು ಅವನ ಬಲಗೈ ಹೆಬ್ಬೆರಳಿನ ಉಗುರು ಎರಡು ಹೋಳಾಗಿತ್ತು. ಅದೊಂದನ್ನು ಬಿಟ್ಟರೆ ಅವನನ್ನು ಯಾರೂ ಎರಡನೆಯ ಸಲ ನೋಡುವಂತಿರಲಿಲ್ಲ. ಅದೇ ಊರಿನ ಬ್ರೂಸ್‌ಪೇಟೆಯ ಹಳೆಯ ಗೋದಾಮಿನಲ್ಲಿ ಜೈಲಿನ ಸಿನಿಮಾ ತೆಗೆಯಲು ಬಂದ ನಿರ್ದೇಶಕರು ಅವನ ಬತ್ತಿದ ಕೆನ್ನೆ ಕಂಡು, "ಕ್ಯಾಮೆರಾ ನಿಮ್ಮ ಮುಖದ ಹತ್ತಿರಕ್ಕೇ ಬರುತ್ತೆ" ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಸಾರಿಬಿಟ್ಟ. ಹೆಂಡತಿ ಪಾರಮ್ಮ ಹೊಸ ಸೀರೆಯನ್ನು ಸಿನಿಮಾ ಬರುವ ದಿನಕ್ಕೆಂದೇ ಎತ್ತಿಟ್ಟಳು.

ಜೊತೆ ಕೈದಿಯ ಪಾತ್ರಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪ ಬಂದಿದ್ದ. ವಾರವೊಪ್ಪತ್ತು ಒಂದೇ ಕೋಣೆಯಲ್ಲಿ ಕುಳಿತು ಇಬ್ಬರೂ ಏಕವಚನಕ್ಕೆ ಇಳಿದಿದ್ದರು.

ದೃಶ್ಯ ಸುಲಭದ್ದು. ಮೂರು ದಿನ ಉಪವಾಸವಿದ್ದ ಕೈದಿಯಾಗಿ ಹೊನ್ನೂರಪ್ಪ ಕೈಗೆ ಸಿಕ್ಕ ಒಂದೇ ಜೋಳದ ರೊಟ್ಟಿಯನ್ನು ಒಬ್ಬನೇ ನುಂಗಬೇಕು. ತಿಪ್ಪೇರುದ್ರಪ್ಪ ನೋಡುತ್ತಿರಬೇಕು. ಹಸಿವು ಮನುಷ್ಯನನ್ನು ಮೃಗ ಮಾಡುತ್ತದೆಂದು ನಿರ್ದೇಶಕರಿಗೆ ತೋರಿಸಬೇಕಿತ್ತು.

ರೊಟ್ಟಿ ಕೈಗೆ ಬಂದದ್ದೇ ಹೊನ್ನೂರಪ್ಪ, "ಬಾರಲೇ, ಉಣ್ಣು ಬಾ" ಎಂದ.

"ಕಟ್! ಯಜಮಾನ್ರೇ, ಅವನನ್ನ ಯಾಕೆ ಕರೀತೀರಿ?"

"ತಪ್ಪಾತ್ರಿ ಸರ. ಬಾಯಿಗೆ ರೂಢಿ ಆಗೈತ್ರಿ."

ಎರಡನೆಯ ಸಲ ಬಾಯಿ ಬಿಗಿಹಿಡಿದ. ಕೈ ತಾನಾಗಿಯೇ ರೊಟ್ಟಿ ಮುರಿದು ಪಕ್ಕಕ್ಕೆ ಚಾಚಿತು. ಮೂರನೆಯ ಸಲ ಬಾಯಿಗಿಟ್ಟ ತುತ್ತನ್ನು ನುಂಗದೆ ತಿಪ್ಪೇರುದ್ರಪ್ಪನ ಕಡೆ ತಿರುಗಿದ.

"ಲೇ ತಿಪ್ಯಾ, ಹಂಗ ನೋಡಬ್ಯಾಡಲೇ!"

"ನೋಡೋದ ನನ್ನ ಪಾರ್ಟು ಐತಲೇ!"

ಹೀಗೆ ಒಂಬತ್ತು ರೊಟ್ಟಿ ಖರ್ಚಾದವು. ಹತ್ತನೆಯ ಸಲಕ್ಕೆ ಮೂರು ದಿನದ ಉಪವಾಸಿಗೆ ದೊಡ್ಡದೊಂದು ತೇಗು ಬಂತು. ನಿರ್ದೇಶಕರು ಸಿಟ್ಟಿನಿಂದ ಪಾತ್ರಗಳನ್ನೇ ಅದಲುಬದಲು ಮಾಡಿದರು. ತಿಪ್ಪೇರುದ್ರಪ್ಪ ರೊಟ್ಟಿ ಹಿಡಿದು, "ಹೊನ್ನೂರಾ, ಒಂದು ತುಣುಕು ತಗೋ" ಎಂದ.

"ನಿಮ್ಮೂರಲ್ಲಿ ಯಾರೂ ಒಬ್ಬರೇ ತಿನ್ನೋದೇ ಇಲ್ವೇನ್ರಿ?"

"ತಿಂತಾರ್ರಿ ಸರ, ಬಾಗ್ಲಾ ಹಾಕ್ಕೊಂಡು. ಇಲ್ಲಿ ಎದುರಿಗೆ ಇವ ಕುಂತಾನಲ್ರಿ!" ಎಂದ ಹೊನ್ನೂರಪ್ಪ.

ಮರುದಿನದಿಂದ ಬರಬೇಡಿರೆಂದು ಇಬ್ಬರಿಗೂ ಹೇಳಿಕಳುಹಿಸಿದರು. ಓಣಿಗೆ ಏನು ಹೇಳುವುದೆಂದು ಹೊನ್ನೂರಪ್ಪ ಕುಗ್ಗಿಹೋಗಿ ಸುದ್ದಿಯನ್ನು ಮುಚ್ಚಿಟ್ಟ. ತಿಪ್ಪೇರುದ್ರಪ್ಪ ಮಾತ್ರ ಪ್ರತಿ ಭಾನುವಾರ ಸಿರುಗುಪ್ಪದಿಂದ ಫೋನ್ ಮಾಡಿ, "ಸಿನಿಮಾದಾಗ ಎಲ್ಲ್ಯಾರ ಒಂದು ಕಡೆ ನಿನ್ನ ಇಟ್ಟಿರ್ತಾರ, ನೋಡ್ತಿರು" ಎನ್ನುತ್ತಿದ್ದ.

ವರ್ಷದ ಮೇಲೆ ಸಿನಿಮಾ ಬಳ್ಳಾರಿಗೆ ಬಂತು. ಹೊನ್ನೂರಪ್ಪ, ಪಾರಮ್ಮನ ಜೊತೆ ಓಣಿಯ ಹತ್ತು ಮಂದಿ ಬಸ್ಸು ಹತ್ತಿ ಹೋದರು; ಸಿರುಗುಪ್ಪದಿಂದ ತಿಪ್ಪೇರುದ್ರಪ್ಪನೂ ಬಂದು ಸೇರಿಕೊಂಡ. ಮುಗಿಯುತ್ತ ಬಂದರೂ ಹೊನ್ನೂರಪ್ಪನ ಮುಖದ ಸುಳಿವಿಲ್ಲ. ಅವನು ಕುರ್ಚಿಯಲ್ಲಿ ಜಾರುತ್ತ ಜಾರುತ್ತ ಮಂಡಿ ಮುಂದಿನ ಸಾಲಿಗೆ ತಾಗುವಷ್ಟು ಕೆಳಗಿಳಿದಿದ್ದ. ಅಷ್ಟರಲ್ಲಿ, ಎಲ್ಲ ಆಸೆ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದ್ದ ನಾಯಕನ ಮುಂದೆ ಪರದೆಯ ಅಂಚಿನಿಂದ ಒಂದು ಕೈ ಬಂತು. ಅರ್ಧ ರೊಟ್ಟಿ, ಸೀಳಿದ ಉಗುರು. ನಾಯಕ ಎದ್ದು ಕುಳಿತು ಅತ್ತ.

"ಅಯ್ಯ, ಅದು ನಮ್ಮವರ ಕೈ!" ಎಂದು ಪಾರಮ್ಮ ಎದ್ದು ನಿಂತಳು.

ಪಕ್ಕದ ಮನೆಯ ಅಂಬಮ್ಮ ಮುಖ ಕಾಣದೆ ಕೇಳಿದಳು: "ಮಾರಿ ಎಲ್ಲೈತಬೇ?"

"ಮಾರಿ ದಿನಾ ನೋಡ್ತೀಯಲ್ಲ, ಅದಕ್ಕ ಟಿಕೇಟು ಯಾಕ? ಕುಂದ್ರು!"

ಹೊನ್ನೂರಪ್ಪ ಮೆಲ್ಲಗೆ ಮೇಲೆದ್ದು ಸರಿಯಾಗಿ ಕುಳಿತ. ಮಡಿಲಲ್ಲಿದ್ದ ಮಂಡಕ್ಕಿಯ ಪೊಟ್ಟಣ ಆಗ ನೆನಪಾಯಿತು. ಬಿಚ್ಚಿ, ಮೊದಲು ಪಕ್ಕದಲ್ಲಿದ್ದ ತಿಪ್ಪೇರುದ್ರಪ್ಪನ ಕಡೆ ಚಾಚಿದ.