ದೋಸೆ, ಇಡ್ಲಿ, ಸಜ್ಜಿಗೆ ಮತ್ತು ಅನಂತ

ಕೊನೆಯೇ ಇಲ್ಲದ ಸಂಗತಿಯನ್ನು ನಗುನಗುತ್ತಾ ವಿವರಿಸುವವರನ್ನು ನಾನು ನಂಬುವುದಿಲ್ಲ. ನನ್ನ ಹೆಂಡತಿ ವನಜಳ ಅಣ್ಣನ ಮಗಳು ಶ್ರಾವ್ಯ ಅಂಥವಳು. ಮಣಿಪಾಲದಲ್ಲಿ ಗಣಿತ ಓದುತ್ತಾಳೆ. ಒಂದು ಭಾನುವಾರ ಬನ್ನಂಜೆಯ ನಮ್ಮ ಮನೆಗೆ ಬಂದಿದ್ದಾಗ, ನಮ್ಮ ಬೆಳಗಿನ ತಿಂಡಿ ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತಾಗಿದೆ ಎಂದು ನಾನು ಗೊಣಗಿದ್ದು ಅವಳ ಕಿವಿಗೆ ಬಿತ್ತು. ದೋಸೆ, ಇಡ್ಲಿ, ಸಜ್ಜಿಗೆ ಈ ಮೂರರಿಂದಲೇ, ಯಾವ ಸಾಲೂ (ಒಂದೇ ತಿಂಡಿಯದಾಗಲಿ, ದೋಸೆ-ಇಡ್ಲಿ ದೋಸೆ-ಇಡ್ಲಿ ಎಂಬಂತೆ ಹಲವು ತಿಂಡಿಗಳದಾಗಲಿ) ತನ್ನ ಬೆನ್ನಿಗೇ ಮತ್ತೊಮ್ಮೆ ಬಾರದ ಹಾಗೆ ಎಷ್ಟು ಉದ್ದಕ್ಕೆ ಬೇಕಾದರೂ ತಿಂಡಿ ಜೋಡಿಸಬಹುದಂತೆ!

“ಸುಲಭ ಉಂಟು ಮಾವ. ಮೊದಲು ಒಂದು ದೋಸೆ ಅಂತ ಬರೆಯುವುದು. ಆಮೇಲೆ ದೋಸೆ ಇದ್ದಲ್ಲಿ ದೋಸೆ, ಇಡ್ಲಿ, ಸಜ್ಜಿಗೆ ಅಂತ ಬರೆಯುವುದು. ಇಡ್ಲಿ ಇದ್ದಲ್ಲಿ ದೋಸೆ, ಸಜ್ಜಿಗೆ. ಸಜ್ಜಿಗೆ ಇದ್ದಲ್ಲಿ ಬರೀ ಇಡ್ಲಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡುತ್ತಾ ಹೋಗುವುದು.”

“ಹಾಗಾದರೆ ಇವರೇ ಮಾಡಲಿ,” ಎಂದಳು ವನಜ. “ಒಂದು ಸಾಲು ಬೆನ್ನಿಗೇ ಮತ್ತೆ ಬಂದ ದಿನ ಒಲೆ ನನಗೆ ವಾಪಸು.”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಎಂದೂ ಬಾರದ ದಿನಕ್ಕೆ ಗಡುವು ಇಟ್ಟ ಪಂದ್ಯವನ್ನು ಒಪ್ಪಿಕೊಂಡವನು ಊರಲ್ಲಿ ನಾನೊಬ್ಬನೇ ಇರಬೇಕು.

ಬೆನ್ನಿಗೇ ಮತ್ತೆ ಬಾರದಿರುವುದು ನಮ್ಮ ಭಾಷೆಯ ಜಾಯಮಾನವೇ ಅಲ್ಲ. ಮೆಲ್ಲಮೆಲ್ಲನೆ, ಬೇಗಬೇಗ, ಹೌದು ಹೌದು. ಸಂತೋಷಕ್ಕೂ ಸಿಟ್ಟಿಗೂ ವ್ಯಾಕರಣವೇ ದ್ವಿರುಕ್ತಿಗೆ ಅಪ್ಪಣೆ ಕೊಟ್ಟಿದೆ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಕಾಪು ಕಾಪು ಕಾಪು” ಎಂದು ಕೂಗದೆ ಒಂದೇ ಸಲ “ಕಾಪು” ಎಂದರೆ, ಆ ಬಸ್ಸು ಕಾಪುವಿಗೆ ಹೋಗುತ್ತದೆಂದು ನಾನಂತೂ ನಂಬಲಾರೆ.

ಆದ್ದರಿಂದ ದಿನವೂ ಶ್ರಾವ್ಯಳ ಲೆಕ್ಕದಂತೆ ಒಲೆ ಹಚ್ಚುತ್ತಲೇ ತಿಂಡಿಯ ಮೇಲೆ ಪತ್ತೇದಾರಿ ಮಾಡಿದೆ. ಒಮ್ಮೆ ಇಡ್ಲಿ ಬಂತು, ಮಾರನೆಯ ದಿನ ದೋಸೆ, ಮತ್ತೆ ಇಡ್ಲಿ. ಇನ್ನೊಂದು ದೋಸೆ ಬಂದರೆ ಸಾಲು ಸಿಕ್ಕಿಬಿದ್ದಂತೆಯೇ! ಲೆಕ್ಕ ನೋಡಿದರೆ ಸಜ್ಜಿಗೆ. ನನಗಿಂತ ಮೊದಲೇ ಯಾರೋ ನನ್ನ ಮನಸ್ಸನ್ನು ಓದಿದ ಹಾಗೆ ಸಿಟ್ಟು ಬಂತು. ದಿನ ಕಳೆದು ಪುನಃ ಇಡ್ಲಿ, ದೋಸೆ, ಇಡ್ಲಿ ಬಂದಾಗ ನನಗೆ ತಡೆಯಲಾಗಲಿಲ್ಲ. ಕದ್ದು ಅಕ್ಕಿ ನೆನೆಹಾಕಿದೆ. ಬೆಳಿಗ್ಗೆ ಸಜ್ಜಿಗೆಯ ಬದಲು ನೀರುದೋಸೆ ಹುಯ್ದೆ. ಗಣಿತ ಸೋಲದಿದ್ದರೆ ಗಣಿತಕ್ಕೆ ನಾವೇ ಸ್ವಲ್ಪ ಸಹಾಯ ಮಾಡಬೇಕಾಗುತ್ತದೆ.

“ಎಂತ ಇದು, ಇವತ್ತು ಸಜ್ಜಿಗೆ ಅಲ್ವಾ?” ಎಂದಳು ವನಜ. ನಾನು ವಿಜಯಘೋಷಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಂದು ತುಂಡು ಬಾಯಿಗಿಟ್ಟಳು. “ನಿಮ್ಮ ದೋಸೆ ನನ್ನದಕ್ಕಿಂತ ಒಳ್ಳೆಯದುಂಟು ಮಾರಾಯ್ರೆ. ಇನ್ನೊಂದು ಹಾಕಿ.” ಅದು ಮುಗಿದ ಕೂಡಲೇ, “ಇನ್ನೊಂದು.”

ನನಗೆ ಬಹಳ ಸಂತೋಷವಾಯಿತು; ಮುಚ್ಚಿಡುವುದೇಕೆ? ಆದರೆ ನಿಜವಾಗಿ ಹೊಗಳಿದಳೋ, ನಾನು ಒಲೆಯ ಬುಡದಿಂದ ಏಳದ ಹಾಗೆ ಮಾಡಿದಳೋ, ಇವತ್ತಿಗೂ ಗೊತ್ತಾಗಿಲ್ಲ. ಕೇಳಬೇಕಾದರೆ ಪಂದ್ಯ ಗೆದ್ದದ್ದನ್ನು ಹೇಳಬೇಕು. ಹೇಳಿದರೆ ಒಲೆ ಅವಳದಾಗುತ್ತದೆ. ಸದ್ಯಕ್ಕೆ ನಾಳೆಗೆ ಉದ್ದು ನೆನೆಹಾಕಿದ್ದೇನೆ.